ಚಿಕ್ಕಪ್ಪನ ಪರವಾಗಿಲ್ಲ

ತಾನು ಏನು ಅಂದುಬಿಟ್ಟೆ? ಅಥವಾ ಏನೂ ಅನ್ನದೆ ಇದ್ದದ್ದೇ ತಪ್ಪಾಯಿತೇ? ಗದರಿಸಿದ ನೆನಪಿಲ್ಲ. ಮುಖ ಗಂಟಿಕ್ಕಿಕೊಂಡಿದ್ದಿರಬಹುದು. ಆದರೆ ಅವನ ಮುಖ ಇರುವುದೇ ಹಾಗೆ, ಅದಕ್ಕೆ ಈಗ ಯಾರೇನು ಮಾಡಲು ಸಾಧ್ಯ? ಊಟಕ್ಕೆ ಕೂತಾಗ ಅವಳ ತಟ್ಟೆಯ ಕಡೆ ಕಣ್ಣು ಹಾಯಿಸಿದವನಲ್ಲ. ಸ್ನಾನಕ್ಕೆ ಹೋದವಳು ಎಷ್ಟು ಹೊತ್ತು ಮಾಡಿದರೂ ಬಾಗಿಲು ಬಡಿದವನಲ್ಲ. ಹಾಗಿದ್ದ ಮೇಲೆ ಆ ಹುಡುಗಿ ‘ಈ ಮನೆಗೆ ನಾನು ಭಾರ’ ಎಂದು ಹೇಳುವಂಥದ್ದು ಏನಾಯಿತು?

ಮೇಸ್ತ್ರಿ ಹಳೆಯ ಒಂಟಿ ಸೋಫಾ ಒಂದನ್ನು ಬೆಂಚಿನ ಮೇಲೆ ಬೋರಲು ಹಾಕಿಕೊಂಡು ಅದರ ತಳದ ಬಟ್ಟೆ ಕೀಳುತ್ತಿದ್ದ. ಈ ಕೆಲಸದಲ್ಲಿ ಅವನಿಗೆ ಅನುಮಾನ ಎಂಬುದು ಬಂದದ್ದೇ ಕಡಿಮೆ. ಸೀಟಿನ ಮೇಲೆ ಅಂಗೈ ಊರಿ ಒಮ್ಮೆ ಒತ್ತಿದರೆ ಸಾಕು, ಯಾವ ಸ್ಪ್ರಿಂಗು ಸತ್ತಿದೆ, ಯಾವ ಪಟ್ಟಿ ಜೋತುಬಿದ್ದಿದೆ, ಹಿಂದೆ ಇದಕ್ಕೆ ಕೈ ಹಾಕಿದ ಪುಣ್ಯಾತ್ಮ ಎಲ್ಲಿ ಮೈಗಳ್ಳತನ ಮಾಡಿದ್ದಾನೆ, ಎಲ್ಲ ಗೊತ್ತಾಗುತ್ತಿತ್ತು. ಶುಕ್ರವಾರ ಕೊಡುತ್ತೇನೆ ಅಂದರೆ ಶುಕ್ರವಾರವೇ. ಆ ಬೀದಿಯಲ್ಲಿ ಮಾತಿಗೆ ತಪ್ಪದ ಅಂಗಡಿ ಎಂದರೆ ಇದೊಂದೇ ಎಂದು ಎದುರಿನ ಔಷಧಿ ಅಂಗಡಿಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಮಾತೇ ಆಡದವನು ಮಾತಿಗೆ ತಪ್ಪುವುದಾದರೂ ಹೇಗೆ ಎಂದು ಅದಕ್ಕೊಂದು ಬಾಲವನ್ನೂ ಸೇರಿಸುತ್ತಿದ್ದರು. ಇವತ್ತು ಮಾತ್ರ ಮೇಸ್ತ್ರಿಯ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಉಳಿ ಜಾರಿ ಮರಕ್ಕೆ ಗೀರು ಬಿತ್ತು.

ಬೆಳಗ್ಗೆ ಸಂಸ್ಥೆಯ ಮೇಡಂ ಫೋನ್ ಮಾಡಿದ್ದರು. ಬೇರೆ ದೇಶದ ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಕರೆಸಿ, ಇಲ್ಲಿನ ಮನೆಗಳಲ್ಲಿ ಇರಿಸಿ, ಇಲ್ಲಿನ ಶಾಲೆಗೆ ಕಳಿಸುವ ಸಂಸ್ಥೆ ಅದು. ಹುಡುಗಿ ತಮ್ಮ ಬಳಿ ಬಂದು ಅತ್ತಳೆಂದು ಮೇಡಂ ಹೇಳಿದರು. ಯಾರ ಮೇಲೂ ದೂರಿಲ್ಲವಂತೆ, ಆದರೆ ಬೇರೆ ಮನೆಗೆ ಹೋಗುತ್ತೇನೆ ಅನ್ನುತ್ತಾಳಂತೆ. ಊರಿನ ಆಚೆ ತುದಿಯಲ್ಲಿ ಬ್ಯಾಂಕಿನ ಮ್ಯಾನೇಜರರ ಮನೆಯಿದೆ, ಅವಳದೇ ವಯಸ್ಸಿನ ಮಗಳಿದ್ದಾಳೆ, ಮನೆ ತುಂಬ ಮಾತು ನಗು. ಭಾನುವಾರ ಮಧ್ಯಾಹ್ನ ತಾವೇ ಬಂದು ಎಲ್ಲರ ಜೊತೆ ಕೂತು ಮಾತಾಡುತ್ತೇವೆ, ಆಗಲೂ ಅವಳ ಮನಸ್ಸು ಅದೇ ಆಗಿದ್ದರೆ ಅವತ್ತೇ ಕರೆದುಕೊಂಡು ಹೋಗುತ್ತೇವೆ ಎಂದರು. ಮೇಸ್ತ್ರಿ “ಹ್ಞೂಂ” ಎಂದು ಫೋನ್ ಇಟ್ಟಿದ್ದ.

ಹುಡುಗಿಯನ್ನು ಮನೆಗೆ ತರಿಸಿದ್ದು ಅವನ ಹೆಂಡತಿ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು, ಬೆಳಗಿನಿಂದ ಸಂಜೆಯವರೆಗೆ ಕ್ಲಚ್ಚು, ಬ್ರೇಕು, ಕನ್ನಡಿ ನೋಡಿ ಎಂದು ಬಾಯಿ ಬಡಿದುಕೊಂಡೂ ಮನೆಗೆ ಬರುವಾಗ ಇನ್ನಷ್ಟು ಮಾತನ್ನು ಉಳಿಸಿಕೊಂಡು ಬರುತ್ತಿದ್ದಳು. ಮಗ ಓದಲು ಹಾಸ್ಟೆಲಿಗೆ ಹೋದ ಮೇಲೆ ಮೂಲೆಯ ಕೋಣೆಯ ಬಾಗಿಲು ಮುಚ್ಚಿಯೇ ಇರುವುದು ಅವಳಿಗೆ ಸಹಿಸಲಾಗಲಿಲ್ಲ. ಕಾರು ಕಲಿಯಲು ಬರುತ್ತಿದ್ದ ಮೇಡಂ ಒಂದು ದಿನ ರಿವರ್ಸ್ ತೆಗೆಯುತ್ತ ಈ ವಿಷಯ ಎತ್ತಿದರಂತೆ. ಗಾಡಿ ನೆಟ್ಟಗೆ ನಿಲ್ಲುವ ಹೊತ್ತಿಗೆ ಇವಳು ಒಪ್ಪಿಯಾಗಿತ್ತು. ಗಂಡನನ್ನು ಕೇಳಿದ್ದು ಆಮೇಲೆ. ಅವನು ಏನಂದಿರಬಹುದೆಂದು ಈಗ ಬಿಡಿಸಿ ಹೇಳಬೇಕಾಗಿಲ್ಲ.

ಬಾಗಿಲಲ್ಲಿ ಬಂದು ನಿಂತ ಹುಡುಗಿ ಕಾಲೇ ಮುಕ್ಕಾಲು ಭಾಗ ಇದ್ದಂತಿದ್ದಳು. ಹೆಂಡತಿಯ ತಾಯಿ, ಎಂದರೆ ಮೇಸ್ತ್ರಿಯ ಅತ್ತೆ, ಅದೇ ಮನೆಯಲ್ಲಿದ್ದವರು, ಕನ್ನಡಕ ಏರಿಸಿ ನೋಡಿ, “ಇದೇನೇ, ಕೊಕ್ಕರೆ ಬಂದು ಇಳಿದ ಹಾಗೆ ಇಳೀತಲ್ಲೇ” ಅಂದರು. ಅವತ್ತಿನಿಂದ ಅವಳು ಕೊಕ್ಕರೆ. ಯಾರು ಯಾರನ್ನು ಏನೆಂದು ಕರೆಯಬೇಕು ಎಂಬುದನ್ನೂ ಅವರೇ ಅಲ್ಲೇ ಇತ್ಯರ್ಥ ಮಾಡಿದರು. ಹುಡುಗಿಗೆ ಅವಳ ದೇಶದಲ್ಲಿ ಅಮ್ಮ ಇದ್ದಾಳೆ, ಅವಳು ತಮ್ಮ ದೊಡ್ಡ ಮಗಳು ಎಂದೇ ಇಟ್ಟುಕೊಳ್ಳೋಣ, ಹಾಗಾದರೆ ಇವಳು ಚಿಕ್ಕಮ್ಮ, ಇವರು ಚಿಕ್ಕಪ್ಪ, ತಾವು ಅಜ್ಜಿ, ಮುಗಿಯಿತು. ಹೆತ್ತಿಲ್ಲದ ಮಗಳೊಬ್ಬಳು ಪರದೇಶದಲ್ಲಿ ಇದ್ದಕ್ಕಿದ್ದಂತೆ ಸಿಕ್ಕಿದ್ದು ಅವರಿಗೆ ಬಹಳ ಹಿಡಿಸಿತು. ಆ ಮಗಳ ಆರೋಗ್ಯ ಹೇಗಿದೆ ಎಂದು ಆಗಾಗ ವಿಚಾರಿಸುತ್ತಿದ್ದರು.

ಮಾತು ಅಷ್ಟಿಷ್ಟು ಬಂದ ಮೇಲೆ ಕೊಕ್ಕರೆ ಒಂದು ದಿನ ಚಿಕ್ಕ ಎಂಬ ಮಾತಿನ ಅರ್ಥ ಕೇಳಿ ತಿಳಿದುಕೊಂಡಳು. ಮೇಸ್ತ್ರಿಯೋ ಬಾಗಿಲಲ್ಲಿ ಓರೆಯಾಗಿ ಬರಬೇಕಾದ ಆಳು. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವರು ಚಿಕ್ಕಪ್ಪ ಆದ್ರೆ, ದೊಡ್ಡಪ್ಪ ಒಳಗೆ ಹೇಗೆ ಬರ್ತಾರೆ?” ಎಂದು ಕೇಳಿದಳು. ಅತ್ತೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಮೇಸ್ತ್ರಿಯೂ ನಕ್ಕ, ಆದರೆ ಅದು ಒಳಗೇ ಆಯಿತು. ಅವನ ನಗು ಹೊರಗೆ ಕಾಣಿಸಬೇಕಾದರೆ ಪಕ್ಕದಲ್ಲಿ ಕೂತು ಹೊಟ್ಟೆಯನ್ನೇ ನೋಡುತ್ತಿರಬೇಕಾಗಿತ್ತು.

ಶಾಲೆ ಬಿಟ್ಟ ಮೇಲೆ ಅವಳು ನೇರ ಅಂಗಡಿಗೆ ಬರತೊಡಗಿದಳು. ಬಾ ಎಂದು ಯಾರೂ ಕರೆದಿರಲಿಲ್ಲ. ಒಂದು ದಿನ ಬಂದು ಫೋಮಿನ ರಾಶಿಯ ಮೇಲೆ ಕೂತಳು, ಮಾರನೆಯ ದಿನ ಕತ್ತರಿ ಎತ್ತಿಕೊಟ್ಟಳು, ಆಮೇಲೆ ದಾರಕ್ಕೆ ಮೇಣ ಹಚ್ಚಲು ಕಲಿತಳು. ಬಾಗಿದ ಸೂಜಿಯಲ್ಲಿ ಹೊಲಿಯುವುದು ಬಂತು. ಮೂಲೆಯಲ್ಲಿ ಬಟ್ಟೆಯನ್ನು ಸುಕ್ಕಿಲ್ಲದೆ ಮಡಿಸುವುದು ತಡವಾಗಿ ಬಂತು, ಆದರೆ ಬಂತು. ಮೇಸ್ತ್ರಿ ಕಲಿಸುತ್ತಿದ್ದದ್ದು ಬಾಯಿಂದಲ್ಲ. ತಾನು ನಿಧಾನವಾಗಿ ಮಾಡುತ್ತಿದ್ದ, ಅವಳು ನೋಡುತ್ತಿದ್ದಳು. ತಪ್ಪಾದರೆ ಅವಳ ಕೈಯಿಂದ ತೆಗೆದುಕೊಂಡು ಬಿಚ್ಚಿ ಮತ್ತೆ ಅವಳ ಕೈಗೇ ಕೊಡುತ್ತಿದ್ದ.

ಅವನು ಮಾತಾಡದಿರುವುದಕ್ಕೆ ಸ್ವಭಾವ ಅರ್ಧ ಕಾರಣ, ಕಸುಬು ಅರ್ಧ ಕಾರಣ. ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯಲ್ಲಿ ಹಾಕಿಕೊಂಡು, ನಾಲಗೆಯಿಂದ ಒಂದೊಂದನ್ನೇ ಮುಂದಕ್ಕೆ ತಳ್ಳಿ, ಅಯಸ್ಕಾಂತದ ಸುತ್ತಿಗೆಯ ತುದಿಗೆ ಅಂಟಿಸಿಕೊಂಡು ಹೊಡೆಯುವುದು ಅವನು ಕಲಿತ ರೀತಿ. ಸ್ಟೇಪಲ್ ಗನ್ ಇತ್ತು, ಅವಸರದ ಕೆಲಸಕ್ಕೆ. ಮೊಳೆ ಬಾಯಲ್ಲಿದ್ದಾಗ ಮನುಷ್ಯ ಆಡಬಹುದಾದ ಮಾತು ‘ಹ್ಞೂಂ’ ಒಂದೇ. ಅದು ಮೂಗಿನಿಂದ ಹೊರಡುತ್ತದೆ. ‘ಪರವಾಗಿಲ್ಲ’ ಅನ್ನಬೇಕಾದರೆ ತುಟಿಗೆ ತುಟಿ ತಾಗಬೇಕು, ಎಂದರೆ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಬೇಕು. ಹಾಗೆ ಉಗುಳಿ, ಕೆಲಸ ನಿಲ್ಲಿಸಿ ಆಡುವಂಥ ಮಾತು ಅವನಿಗೆ ದಿನಕ್ಕೊಂದು ಬಂದರೆ ಹೆಚ್ಚು.

ಚಳಿಗಾಲದ ಕೊನೆಯಲ್ಲಿ ಕೊಕ್ಕರೆ ಒಂದು ಕಾಲಿಡುವ ಸ್ಟೂಲನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿದಳು. ಪಟ್ಟಿ ಬಿಗಿದಳು, ನಾರು ತುಂಬಿದಳು, ಹಸಿರು ಬಟ್ಟೆ ಎಳೆದು ಮೂಲೆ ಮಡಿಸಿದಳು. ಮೇಸ್ತ್ರಿ ಅದನ್ನು ಎತ್ತಿ ತಿರುಗಿಸಿ ನೋಡಿದ, ಮಗುಚಿ ತಳ ನೋಡಿದ, ಅಂಗೈ ಊರಿ ಒತ್ತಿದ. ಬಾಯಲ್ಲಿದ್ದ ಮೊಳೆಗಳನ್ನು ಕೈಗೆ ಉಗುಳಿಕೊಂಡು, “ಪರವಾಗಿಲ್ಲ” ಅಂದ. ಅವನಿಗೆ ಕೆಲಸ ಕಲಿಸಿದ ಗುರು ಇಷ್ಟು ಹೊಗಳಿದ್ದರೆ ಅವತ್ತು ಅವನು ಊಟ ಬಿಟ್ಟು ಕುಣಿಯುತ್ತಿದ್ದ. ಹುಡುಗಿ ತಲೆ ತಗ್ಗಿಸಿ ಚೂರುಬಟ್ಟೆ ಗುಡಿಸತೊಡಗಿದಳು. ಸುಸ್ತಾಗಿರಬೇಕು ಎಂದುಕೊಂಡ.

ಇದೆಲ್ಲ ನೆನೆದರೂ ಮೇಡಂ ಹೇಳಿದ ‘ಭಾರ’ ಎಲ್ಲಿಂದ ಬಂತೆಂದು ಹೊಳೆಯಲಿಲ್ಲ. ಸಂಜೆ ಮನೆಗೆ ಹೋದರೆ ಕೊಕ್ಕರೆ ಕೋಣೆ ಸೇರಿಕೊಂಡು ಬಾಗಿಲು ಹಾಕಿಕೊಂಡಿದ್ದಳು. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

“ಏನಂದ್ರಿ ನೀವು ಆ ಹುಡುಗಿಗೆ?”

“ನಾನೇನೂ ಅಂದಿಲ್ಲ.”

“ಅದೇ ಮತ್ತೆ. ಅದನ್ನೇ ಕೇಳ್ತಿರೋದು.”

ಅತ್ತೆ ಮೂಲೆಯಿಂದಲೇ ಅಳಿಯಂದಿರನ್ನು ವಹಿಸಿಕೊಂಡರು. ಅವರ ಬಾಯಿಂದ ಮುತ್ತು ಉದುರೋದಿಲ್ಲ ಅಂತ ಮದುವೆಗೆ ಮೊದಲೇ ಗೊತ್ತಿತ್ತು, ಈಗ ಉದುರಲಿಲ್ಲ ಅಂದರೆ ಹೇಗೆ ಎಂದರು. ಅದು ವಹಿಸಿಕೊಂಡದ್ದೋ ಚುಚ್ಚಿದ್ದೋ ಮೇಸ್ತ್ರಿಗೆ ತಿಳಿಯಲಿಲ್ಲ. ಅವನು ಊಟಕ್ಕೆ ಕೂತ. ಎದುರಿನ ಕುರ್ಚಿ ಖಾಲಿಯಿತ್ತು. ಹುಡುಗಿ ತಲೆನೋವು ಎಂದು ಕೋಣೆಯಲ್ಲೇ ಬ್ರೆಡ್ಡು ತಿಂದಿದ್ದಳು.

ಭಾನುವಾರ ಮೇಡಂ ಬಂದರು. ಮೇಸ್ತ್ರಿಯೇ ಮಾಡಿದ ಮೂರು ಜನರ ಸೋಫಾದಲ್ಲಿ ಕೂತರು, ಕೂತವರು ತಮಗೇ ಗೊತ್ತಿಲ್ಲದೆ ಹಿಂದಕ್ಕೆ ಒರಗಿದರು. ಕೊಕ್ಕರೆಯ ಸೂಟ್‌ಕೇಸು ಆಗಲೇ ಬಾಗಿಲ ಪಕ್ಕಕ್ಕೆ ಬಂದಿತ್ತು. ಹೆಂಡತಿ ಟೀ ತಂದಿಟ್ಟು ಕೂತಳು. ಮೇಸ್ತ್ರಿ ಗೋಡೆಗೆ ಆತು ನಿಂತ. ತನ್ನ ಮನೆಯಲ್ಲಿ ತಾನೇ ಗಿರಾಕಿಯ ಹಾಗೆ.

ಮೇಡಂ ಮೆತ್ತಗೆ ವಿಚಾರಿಸಿದರು. ಊಟ, ನಿದ್ದೆ, ಶಾಲೆ, ಎಲ್ಲದಕ್ಕೂ ಹುಡುಗಿ ಚೆನ್ನಾಗಿದೆ ಎಂದಳು. ಚಿಕ್ಕಮ್ಮ ಒಳ್ಳೆಯವರು, ಅಜ್ಜಿ ಒಳ್ಳೆಯವರು. ಮತ್ತೇನಮ್ಮ ತೊಂದರೆ ಎಂದಾಗ ಮಾತ್ರ ಅವಳು ತನ್ನ ಬೆರಳುಗಳ ಮೇಲೆ ಕಣ್ಣು ನೆಟ್ಟಳು. ಆಮೇಲೆ ತಲೆಯೆತ್ತದೆ ಹೇಳಿದಳು.

“ಚಿಕ್ಕಪ್ಪನಿಗೆ ನಾನು ಇದ್ರೂ ಪರವಾ ಇಲ್ಲ, ಹೋದ್ರೂ ಪರವಾ ಇಲ್ಲ.”

ಅವಳು ಆ ಮಾತನ್ನು ನಡುವೆ ಮುರಿದು ಎರಡು ಮಾಡಿ ಆಡಿದಳು. ಹಾಗೆ ಮುರಿದಾಗ ಅದರ ಒಳಗಿನ ಟೊಳ್ಳು ಮೇಸ್ತ್ರಿಗೆ ಮೊದಲ ಸಲ ಕೇಳಿಸಿತು.

“ಸೂಪ್ ಮಾಡ್ದೆ. ಹೇಗಿದೆ ಅಂತ ಕೇಳ್ದೆ. ಪರವಾ ಇಲ್ಲ. ಕಪ್ ಒಡೆದೆ. ಪರವಾ ಇಲ್ಲ. ಸ್ಟೂಲ್ ಮಾಡ್ದೆ, ತುಂಬಾ ದಿನ ಮಾಡ್ದೆ. ಪರವಾ ಇಲ್ಲ.” ಈಗ ಅವಳು ತಲೆಯೆತ್ತಿದಳು. “ಕಪ್ ಒಡೆದ್ರೂ ಸ್ಟೂಲ್ ಮಾಡಿದ್ರೂ ಒಂದೇನೇ. ನಾನು ಫೋನಲ್ಲಿ ಅರ್ಥ ನೋಡ್ದೆ. ಏನಾದ್ರೂ ಆಗ್ಲಿ, ನನಗೇನು, ಅಂತ.”

ಅತ್ತೆಯ ಮೈ ಮೊದಲು ಕುಲುಕಿತು, ಆಮೇಲೆ ನಗು ಬಂತು, ಆಮೇಲೆ ಕೆಮ್ಮು. ನೀರು ಕುಡಿದು ಸಾವರಿಸಿಕೊಂಡು ಅವರು ಹುಡುಗಿಯ ತೊಡೆ ತಟ್ಟಿದರು.

“ಅಯ್ಯೋ ಕೊಕ್ಕರೆ, ನಮ್ಮ ಅಳಿಯಂದ್ರು ಪರವಾಗಿಲ್ಲ ಅಂದ್ರೆ ಅದು ಪದಕ ಕಣೆ. ನಾನು ಈ ಮನೇಲಿ ಇಷ್ಟು ವರ್ಷದಿಂದ ಒಲೆ ಮುಂದೆ ಬೆಂದಿದೀನಿ, ನನಗೆ ಎರಡು ಸಲ ಸಿಕ್ಕಿದ್ರೆ ಹೆಚ್ಚು. ನೀನು ಬಂದು ವರ್ಷ ತುಂಬಿಲ್ಲ, ರಾಶಿ ಹಾಕ್ಕೊಂಡು ಕೂತಿದೀಯ.”

ಮೇಡಂ ನಕ್ಕರು. ನಗುವಿನಲ್ಲಿ ಬಿಡುಗಡೆಯಿತ್ತು, ಇಷ್ಟೇ ತಾನೇ ಎಂಬಂತೆ ಅವರು ಟೀ ಕಪ್ಪಿಗೆ ಕೈ ಹಾಕಿದರು. ಆದರೆ ಹುಡುಗಿ ನಗಲಿಲ್ಲ. ಮೇಸ್ತ್ರಿಯ ಹೆಂಡತಿಯೂ ನಗಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಹೊಸ ಬಟ್ಟೆ ಹಾಕಿಕೊಂಡು ಹೇಗಿದ್ದೇನೆ ಎಂದು ಕೇಳಿದ್ದಳು, ಬಂದ ಉತ್ತರ ಇದೇ ಒಂದು ಮಾತು. ಅದನ್ನು ಅವಳು ಮನೆಮಂದಿಗೆಲ್ಲ ಜೋಕು ಮಾಡಿ ಎಷ್ಟೋ ಸಲ ಹೇಳಿದ್ದಳು. ಈಗ ಹೇಳಲಿಲ್ಲ.

“ಅಮ್ಮ ಹೇಳೋದು ನಿಜ,” ಅಂದಳು, ಗಂಡನ ಕಡೆ ನೋಡದೆ. “ಆದ್ರೆ ಅದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ವರ್ಷಗಟ್ಟಲೆ ಹಿಡೀತು. ನಾನು ಇಲ್ಲೇ ಇರೋಳು, ನಿಧಾನವಾಗಿ ಕಲಿತೆ. ಅವಳಿಗೆ ಅಷ್ಟು ಟೈಮ್ ಎಲ್ಲಿದೆ?”

ಕೋಣೆಯಲ್ಲಿ ಮಾತು ನಿಂತಿತು. ಮೇಸ್ತ್ರಿಗೆ ಮೌನ ಹೊಸದಲ್ಲ, ಅವನು ಅದರೊಳಗೇ ಮನೆ ಮಾಡಿಕೊಂಡಿದ್ದವನು. ಆದರೆ ಈ ಮೌನದಲ್ಲಿ ಅವನಿಗೆ ಕೂರಲು ಜಾಗವಿರಲಿಲ್ಲ. ಇಷ್ಟು ವರ್ಷ ತಾನು ಒಂದೇ ಮಾತನ್ನು ಹತ್ತು ಕೆಲಸಕ್ಕೆ ಬಳಸಿದ್ದೆ. ತನಗೆ ಒಂದೊಂದೂ ಬೇರೆ ಬೇರೆಯಾಗಿ ಕೇಳಿಸುತ್ತಿದ್ದದ್ದು ಉಳಿದವರಿಗೂ ಕೇಳಿಸುತ್ತದೆ ಎಂದುಕೊಂಡಿದ್ದೆ. ಸುತ್ತಿಗೆಯಿಂದಲೇ ಬಟ್ಟೆ ಕತ್ತರಿಸಲು ಹೊರಟವನ ಹಾಗೆ.

“ಸ್ಟೂಲ್ ಸರಿ,” ಎಂದಳು ಹುಡುಗಿ. ಅವಳ ಕಣ್ಣು ಈಗ ನೇರ ಅವನ ಮೇಲಿತ್ತು. “ನಾನು ಅಳ್ತಾ ಇದ್ದಾಗ್ಲೂ ಅಂದ್ರಲ್ಲ. ಅದೂ ಪದಕಾನಾ?”

ಆ ದಿನ ಅವನಿಗೆ ನೆನಪಿತ್ತು. ಅಂಗಡಿಯಲ್ಲಿ ಅವಳಿಗೆ ಅವಳ ದೇಶದಿಂದ ಫೋನ್ ಬಂದಿತ್ತು. ಅವಳ ತಾತ, ಮರೆವಿನ ಕಾಯಿಲೆಯವರು, ಫೋನಿನಲ್ಲಿ ಮಾತಾಡುತ್ತ ಮಾತಾಡುತ್ತ ನೀನು ಯಾರು ಎಂದು ಕೇಳಿಬಿಟ್ಟಿದ್ದರು. ಫೋಮಿನ ಮೇಲೆ ಕುಸಿದು ಕೂತು ಅಳತೊಡಗಿದವಳ ಹತ್ತಿರ ಹೋಗಿ ಅವನು ಪರವಾಗಿಲ್ಲ ಎಂದಿದ್ದ, ಶಟರನ್ನು ಅರ್ಧ ಇಳಿಸಿ ಬಂದು ಮತ್ತೆ ಕೆಲಸಕ್ಕೆ ಕೂತಿದ್ದ.

ಹೆಂಡತಿ ಈಗ ಗಂಡನನ್ನು ನೋಡಿದಳು. ನೆರವಿಗೆ ಬರಲಿಲ್ಲ. ಅತ್ತೆ ಕೂಡ ಬಾಯಿ ಮುಚ್ಚಿಕೊಂಡಿದ್ದರು, ಅದು ಅಪರೂಪ.

“ಅದು ಬೇರೆ ಪರವಾಗಿಲ್ಲ,” ಅಂದ ಮೇಸ್ತ್ರಿ.

ಅಷ್ಟಕ್ಕೇ ನಿಲ್ಲಿಸುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಗೋಡೆ ಬಿಟ್ಟು ಬಂದು ಹುಡುಗಿಯ ಎದುರಿಗೆ ಗಿಡ್ಡ ಬೆತ್ತದ ಪೀಠದ ಮೇಲೆ ಕೂತ. ಮೊಣಕಾಲ ಮೇಲೆ ಕೈಗಳನ್ನು ಇಟ್ಟುಕೊಂಡ.

“ಗಿರಾಕಿ ಬರ್ತಾರೆ ಅಂತ ನೀನು ಬೇಗ ಬೇಗ ಮುಖ ಒರೆಸ್ಕೊಳ್ತಾ ಇದ್ದೆ. ಒರೆಸ್ಕೋಬೇಡ, ಯಾರು ಬಂದ್ರೂ ಪರವಾಗಿಲ್ಲ, ಅಳು, ಅಂತ. ಯಾರೂ ಬರಬಾರದು ಅಂತ ಶಟರ್ ಇಳಿಸ್ದೆ.”

“ಅಂಗಡಿ ಮುಚ್ತೀನಿ, ಮನೆಗೆ ಹೋಗು ಅಂತ ಅಂದ್ಕೊಂಡೆ,” ಎಂದಳು ಹುಡುಗಿ. ನಿಜ, ಅವಳು ಅವತ್ತು ಬ್ಯಾಗು ಎತ್ತಿಕೊಂಡು ಬಗ್ಗಿ ಶಟರಿನ ಕೆಳಗಿನಿಂದ ಹೊರಟುಹೋಗಿದ್ದಳು. ಹುಡುಗಿಗೆ ಒಬ್ಬಳೇ ಇರಬೇಕು ಅನ್ನಿಸಿರಬೇಕೆಂದು ಅವನೂ ತಡೆದಿರಲಿಲ್ಲ.

“ಕಪ್ಪಿಗೆ ಅಂದಿದ್ದು, ಹೋಗ್ಲಿ ಬಿಡು ಅಂತ. ಸೂಪಿಗೆ ಅಂದಿದ್ದು...” ಅವನು ಸ್ವಲ್ಪ ತಡೆದ. “ಸೂಪಿಗೆ ಉಪ್ಪು ಜಾಸ್ತಿ ಆಗಿತ್ತು.”

ಕೊಕ್ಕರೆಯ ತುಟಿಯ ಒಂದು ತುದಿ ಮೇಲೆ ಹೋಯಿತು. ಅತ್ತೆ, ತಮಗೂ ಹಾಗೇ ಅನ್ನಿಸಿತ್ತು ಎಂದು ಗೊಣಗಿದರು.

“ಸ್ಟೂಲು ಚೆನ್ನಾಗಿದೆ,” ಎಂದ ಮೇಸ್ತ್ರಿ. “ಮೂಲೆ ಮಡಿಕೆ ನನ್ನ ಮೊದಲನೇ ಸ್ಟೂಲಿಗಿಂತ ಚೆನ್ನಾಗಿ ಬಂದಿದೆ.” ಹೊಸ ಸುತ್ತಿಗೆಯನ್ನು ಕೈಯಲ್ಲಿ ತೂಗಿ ನೋಡಿದವನಂತೆ ಆ ಮಾತನ್ನು ನಿಧಾನವಾಗಿ ಆಡಿದ. ಆಡಿದ ಮೇಲೆ ಅದೇನೂ ಅಂಥ ಕಷ್ಟದ್ದಲ್ಲ ಅನ್ನಿಸಿತು. ಹೆಂಡತಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು, ಯಾವ ಕಪ್ಪಿನಲ್ಲೂ ಟೀ ಇನ್ನೂ ಮುಗಿದಿರಲಿಲ್ಲ.

ಮೇಡಂ ತಮ್ಮ ಕೆಲಸ ಬಿಡುವವರಲ್ಲ. ಮಾತು ತಿಳಿಯಾದದ್ದು ಒಳ್ಳೆಯದಾಯಿತು, ಆದರೂ ಹುಡುಗಿ ಒಂದು ಸಲ ಹೋಗುತ್ತೇನೆ ಎಂದಿದ್ದಾಳೆ, ಆ ಮನೆಯವರು ಕೋಣೆ ಅಣಿ ಮಾಡಿ ಕಾಯುತ್ತಿದ್ದಾರೆ, ತೀರ್ಮಾನ ಈಗಲೇ ಆಗಬೇಕು ಎಂದರು. ಅವಳನ್ನು ಕೇಳಿದರು. ಅವಳು ಸೂಟ್‌ಕೇಸನ್ನೂ ಮೇಸ್ತ್ರಿಯನ್ನೂ ನೋಡಿದಳು. ಮೇಡಂ ಅವನ ಕಡೆ ತಿರುಗಿದರು.

“ನೀವು ಹೇಳಿ. ನಿಮಗೇನನ್ಸುತ್ತೆ?”

‘ಅವಳಿಷ್ಟ’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಒತ್ತಾಯ ಮಾಡಬಾರದು, ಅವಳ ಮನಸ್ಸಿಗೆ ಬಂದಂತೆ ಆಗಲಿ ಎಂಬ ಮರ್ಯಾದೆಯಿಂದಲೇ ಬಂದ ಮಾತು. ಬಾಯಿ ಅರ್ಧ ತೆರೆದವನು ಅದನ್ನು ಮೊದಲ ಸಲ ಹುಡುಗಿಯ ಕಿವಿಯಿಂದ ಕೇಳಿಸಿಕೊಂಡ. ಇದೂ ಆ ‘ಪರವಾಗಿಲ್ಲ’ದ ಒಡಹುಟ್ಟೇ. ಬಾಯಿ ಮುಚ್ಚಿಕೊಂಡ. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು, ಹೆಂಡತಿ ಅಲ್ಲಿಂದಲೇ ಕಿವಿಗೊಟ್ಟಿದ್ದಳು.

ಬೇರೆ ಏನು ಹೇಳುವುದು? ಮೇಸ್ತ್ರಿ ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ, ಗಿರಾಕಿಗೆ ಗಡುವು ಹೇಳುವಾಗ ಬರುತ್ತಿದ್ದ ಅವನ ಎಂದಿನ ಗಟ್ಟಿ ದನಿ ವಾಪಸ್ ಬಂತು.

“ನಾಳೆ ನಾಟಕದ ಥಿಯೇಟರಿಂದ ಕುರ್ಚಿಗಳು ಬರ್ತವೆ. ಹಳೇ ಕಾಲದ ಕುರ್ಚಿ, ಎಲ್ಲ ಸ್ಪ್ರಿಂಗು. ಒಬ್ರು ಸ್ಪ್ರಿಂಗ್ ಅದುಮಿ ಹಿಡ್ಕೋಬೇಕು, ಒಬ್ರು ದಾರ ಕಟ್ಬೇಕು. ನಾಲ್ಕು ಕೈ ಬೇಕು.” ಹುಡುಗಿಯ ಕಡೆ ತಿರುಗಿದ. “ಇವಳಿಗೆ ಕೆಲಸ ಗೊತ್ತು. ಹೊಸಬರನ್ನ ಹುಡುಕ್ಕೊಂಡು ಕೂರೋಕೆ ನನಗೆ ಪುರುಸೊತ್ತಿಲ್ಲ.”

ಮೇಡಂ ಹುಬ್ಬೇರಿಸಿದರು. ಇದು ತಾವು ಕೇಳಿದ ಪ್ರಶ್ನೆಗೆ ಉತ್ತರವೇ ಎಂದು ಅವರಿಗೆ ಖಾತ್ರಿಯಿರಲಿಲ್ಲ.

ಕೊಕ್ಕರೆಗೆ ಖಾತ್ರಿಯಿತ್ತು. “ಎಷ್ಟು ಕುರ್ಚಿ?” ಎಂದು ಕೇಳಿದಳು.

“ಬೇಸಿಗೆವರೆಗೂ ಆಗುವಷ್ಟು.”

ಬೇಸಿಗೆ ಬಂದರೆ ಅವಳು ತನ್ನ ದೇಶಕ್ಕೆ ಹೊರಡಬೇಕು. ಅವಳು ಎದ್ದು ಉದ್ದ ಕಾಲು ಹಾಕುತ್ತ ಬಾಗಿಲಿಗೆ ಹೋಗಿ ಸೂಟ್‌ಕೇಸು ಎತ್ತಿಕೊಂಡಳು, ಅದನ್ನು ಮೂಲೆಯ ಕೋಣೆಗೆ ಒಯ್ದು ಇಟ್ಟು ಬಂದಳು. ಅತ್ತೆ, ಇನ್ನೇನು, ಎಲ್ಲರಿಗೂ ಹೊಸದಾಗಿ ಟೀ ಆಗಲಿ ಎಂದರು. ಮೇಡಂ ಅಲ್ಲೇ ಕೂತು ಬ್ಯಾಂಕ್ ಮ್ಯಾನೇಜರರ ಮನೆಗೆ ಫೋನ್ ಮಾಡಿ ಕ್ಷಮೆ ಕೇಳಿದರು.

ಮಾರನೆಯ ದಿನ ಶಾಲೆ ಮುಗಿಸಿಕೊಂಡು ಅವಳು ಬರುವ ಹೊತ್ತಿಗೆ ಕುರ್ಚಿಗಳು ಅಂಗಡಿಯ ಮುಂದಿನ ಕಾಲುದಾರಿಯವರೆಗೂ ಒಂದರ ಮೇಲೊಂದು ಕೂತಿದ್ದವು. ಔಷಧಿ ಅಂಗಡಿಯವರು, ಇವತ್ತು ನಿಮ್ಮಲ್ಲೇ ಆಟವೋ ಎಂದು ಕೇಳಿ ಹೋದರು. ಮೇಸ್ತ್ರಿ ಒಂದು ಚೌಕಟ್ಟನ್ನು ಬೆಂಚಿಗೆ ಏರಿಸಿದ. ಕೊಕ್ಕರೆ ಎರಡೂ ಕೈ ಊರಿ ಸ್ಪ್ರಿಂಗನ್ನು ಅದುಮಿದಳು. ಅವನು ದಾರ ಸುತ್ತಿ, ಎಳೆದು, ಗಂಟು ಹಾಕಿದ. ಬಿಡು ಅಂದ, ಅವಳು ಬಿಟ್ಟಳು. ಸ್ಪ್ರಿಂಗು ಕದಲದೆ ನಿಂತಿತು. ಮುಂದಿನದಕ್ಕೆ ಹೋದರು.

ಆ ವಸಂತವೆಲ್ಲ ಕುರ್ಚಿಗಳಲ್ಲೇ ಕಳೆಯಿತು. ಕೆಲಸದ ನಡುವೆ ಅವಳು ಹೇಗಿದೆ ಎಂದು ಕೇಳುತ್ತಿದ್ದಳು, ಅವನು ಬಾಯಿಂದ ಮೊಳೆ ತೆಗೆದು, ಸಡಿಲ ಎಂದೋ, ಬಿಗಿ ಎಂದೋ, ಚೆನ್ನಾಗಿದೆ ಎಂದೋ ಹೇಳುತ್ತಿದ್ದ. ಒಮ್ಮೊಮ್ಮೆ ತಾತನ ಫೋನ್ ಬರುತ್ತಿತ್ತು. ಆಗ ಅವನು ಎದ್ದು ಹೋಗಿ ಶಟರು ಇಳಿಸುತ್ತಿದ್ದ, ಅವಳು ಒಳಗೇ ಕೂತು ಮಾತಾಡುತ್ತಿದ್ದಳು.

ಇಂಥ ಕುರ್ಚಿಗಳನ್ನು ತಾನು ಜೀವಮಾನವೆಲ್ಲ ಒಬ್ಬನೇ, ಮೊಣಕಾಲಿನಲ್ಲಿ ಸ್ಪ್ರಿಂಗು ಅದುಮಿ ಹಿಡಿದುಕೊಂಡು ಕಟ್ಟಿದ್ದೇನೆ ಎಂದು ಅವನು ಅವಳಿಗೆ ಹೇಳಲೇ ಇಲ್ಲ.